ಬಸರಾಕ್ಕೆ ಒಯ್ದ ಕರಿಜೋಳ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿ ಕಂಡದ್ದನ್ನು ಬರೆಯುತ್ತಾರೆ. ನಾನು ದಾರಿಯಲ್ಲಿ ತಿಂದದ್ದನ್ನು ಬರೆಯಬೇಕಾಗಿದೆ. ಹಡಗಿಗೆ ಎಷ್ಟು ಅಂತಸ್ತು, ಬಸರಾದ ಪೇಟೆ ಎಷ್ಟು ಉದ್ದ ಎಂಬುದನ್ನು ಊರಿನ ಕಟ್ಟೆಯ ಮೇಲೆ ಸಾವಿರ ಸಲ ಹೇಳಿದ್ದೇನೆ. ಕೇಳಿದವರು ಬಾಯಿ ತೆರೆದು ಕೇಳಿದ್ದಾರೆ. ಹೇಳದೆ ನುಂಗಿಕೊಂಡು ಬಂದದ್ದು ಒಂದಿದೆ. ವಯಸ್ಸಾಯಿತು, ಇನ್ನು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ತಿರುಗುವ ಶಕ್ತಿ ನನಗಿಲ್ಲ.

ಯಲವಿಗಿ

ನಮ್ಮ ಹೊಲ ಯಲವಿಗಿ ಸ್ಟೇಶನ್ನಿಗೆ ಕೂಗಳತೆಯಲ್ಲಿದೆ. ಮೇಲಿನ ಭಾಗ ಒಳ್ಳೆಯ ಕರಿಮಣ್ಣು. ಕೆಳಗೆ ಹಳ್ಳದ ದಂಡೆಗೆ ಹೋದರೆ ಬರೀ ಸವಳು. ಬೇಸಿಗೆ ಬಂತೆಂದರೆ ಆ ನೆಲದ ಮೇಲೆ ಉಪ್ಪು ಬೆಳ್ಳಗೆ ಏಳುತ್ತದೆ, ದನಗಳು ನಿಂತು ನೆಕ್ಕುತ್ತವೆ. ಯಾರಿಗೂ ಬೇಡವಾದ ಆ ತುಂಡನ್ನು ಅಪ್ಪ ಗಂಗಕ್ಕನಿಗೆ ಬಿಟ್ಟಿದ್ದ. ಗಂಗಕ್ಕ ನನ್ನ ಒಡಹುಟ್ಟಿದ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು ನಮ್ಮೊಂದಿಗೇ ಇದ್ದಳು.

ಮೊದಲ ವರ್ಷ ಅವಳು ಬಿತ್ತಿದ ಜೋಳವೆಲ್ಲ ಸುಟ್ಟುಹೋಗಿ ಐದಾರು ಗಿಡ ಮಾತ್ರ ಉಳಿದಿದ್ದವು. ಬೇರೆಯವರಾಗಿದ್ದರೆ ಕೈ ಝಾಡಿಸಿಕೊಂಡು ಮನೆಗೆ ಬರುತ್ತಿದ್ದರು. ಅಕ್ಕ ಆ ಐದಾರು ತೆನೆಗಳನ್ನು ಗಡಿಗೆಯಲ್ಲಿ ಬೇವಿನ ಎಲೆ ಹಾಕಿ ಇಟ್ಟಳು. ಮರುವರ್ಷ ಅವನ್ನೇ ಬಿತ್ತಿದಳು. ಉಳಿದವುಗಳಲ್ಲಿ ಚೆನ್ನಾಗಿ ಉಳಿದದ್ದನ್ನು ಆರಿಸಿ ಮತ್ತೆ ಇಟ್ಟಳು. ಹೀಗೆ ಹನ್ನೆರಡು ವರ್ಷ ಮಾಡಿದಳು. ಕಡೆಗೆ ಆ ಉಪ್ಪಿನ ನೆಲದಲ್ಲಿ ಆಳೆತ್ತರದ ಜೋಳ ನಿಂತಿತು. ತೆನೆ ಕಪ್ಪು, ಕಾಳು ಕೆಂಪಗೆ ಸಣ್ಣದು. ದಂಟು ಮಾತ್ರ ರಸ ತುಂಬಿದ್ದು, ಎಮ್ಮೆಗಳು ಬುಡದವರೆಗೆ ಮೇದು ಮತ್ತೆ ಮುಖ ನೋಡುತ್ತಿದ್ದವು. ಊರಿನವರು ಅದನ್ನು ಗಂಗವ್ವನ ಕರಿಜೋಳ ಎನ್ನುತ್ತಿದ್ದರು. ಅದರ ರೊಟ್ಟಿ ಇಟ್ಟಂಗಿ ಬಣ್ಣಕ್ಕೆ ಬರುತ್ತದೆಂದು, ಬೀಗರು ಬಂದ ದಿನ ನಾವು ಅದನ್ನು ಮುಚ್ಚಿಡುತ್ತಿದ್ದೆವು.

ನಾನು ಬಿಳಿಜೋಳದವನು. ಮೇಲಿನ ಹೊಲದ ನನ್ನ ಜೋಳ ಮುತ್ತಿನ ಹಾಗಿತ್ತು. ಶಿಗ್ಗಾಂವಿ, ಹಿರೇಕೆರೂರು ಕಡೆಯಿಂದ ಜನ ಬೀಜ ಕೇಳಿಕೊಂಡು ಬರುತ್ತಿದ್ದರು. ಹಿರೇಬೆಂಡಿಗೇರಿಯ ನನ್ನ ಮಾವ ಮಗಳನ್ನು ಕೊಟ್ಟದ್ದೇ ಆ ಜೋಳದ ಮುಖ ನೋಡಿ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಎರಡನೆಯ ದೊಡ್ಡ ಯುದ್ಧ ಹತ್ತುವುದಕ್ಕೆ ಇನ್ನೂ ಎರಡು ವರ್ಷವಿತ್ತು. ಅರಬ್ಬರ ನಾಡಿನ ಬಸರಾದಿಂದ ಗೆಳೆಯ ರಸೂಲನ ಕಾಗದ ಬಂತು. ರಸೂಲ ಸವಣೂರಿನ ವೀಳ್ಯದೆಲೆ ವ್ಯಾಪಾರಿಯ ಮಗ. ಸವಣೂರು ಸಾಲೆಯಲ್ಲಿ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತವರು. ಮುಂದೆ ಅವನು ಕಾಕಾನ ಜೊತೆ ಬಸರಾಕ್ಕೆ ಹೋಗಿ ಖರ್ಜೂರದ ವ್ಯಾಪಾರಕ್ಕೆ ನಿಂತಿದ್ದ. ಅವನು ಮಾತಾಡುವಂತೆಯೇ ಬರೆಯುತ್ತಿದ್ದ.

‘ಚನ್ನಪ್ಪಾ, ಇಲ್ಲಿ ನಮ್ಮ ಹಾಜೀಸಾಹೇಬರ ತ್ವಾಟದ ಆಚಿ ನೆಲ ಪೂರಾ ಸವಳು ಹಿಡದೈತಿ. ಎಮ್ಮಿಗೆ ಮೇವಿಲ್ಲ. ನಾ ಗಂಗಕ್ಕನ ಕರೀಜ್ವಾಳದ ಸುದ್ದಿ ಹೇಳೇನಿ. ನನ್ನ ಮಾತಿನ ಮ್ಯಾಲ ಅವರು ಈ ವರ್ಷ ಬ್ಯಾರೆ ಏನೂ ಬಿತ್ತಲಾರದ, ಈ ಬೀಜದ ಹಾದಿ ಕಾಯಾಕತ್ತಾರ. ಬೀಜಾ ತಗೊಂಡು ನೀನ ಬಾ. ತಿಕೀಟು ಕಳಿಸೇನಿ.’

ಅಕ್ಕ ಆ ಕಾಗದವನ್ನು ನನ್ನಿಂದ ಮೂರು ಸಲ ಓದಿಸಿದಳು. ಮಾರನೆಯ ದಿನ ತೆನೆ ಬಡಿದು, ಕೇರಿ, ತನ್ನ ಹಳೆಯ ಸೀರೆಯನ್ನು ಹೊಲಿದು ಮಾಡಿದ ಚೀಲದಲ್ಲಿ ತುಂಬಿ ತಂದಳು. ಏಳೆಂಟು ಸೇರು ಇದ್ದೀತು.

‘ತಮ್ಮಾ, ಇದು ಬೀಜ ಐತಿ, ನೆನಪಿರ್ಲಿ. ಬೀಜ ಹ್ವಾದಲ್ಲಿಂದ ಬೀಜ ತಿರುಗಿ ಬರಬೇಕು. ಬರೋಮುಂದ ಅಲ್ಲಿ ಬೆಳದದ್ದರಾಗ ಒಂದ ಸೇರು ತಗೊಂಡು ಬಾ.’

ನಮ್ಮ ಕಡೆ ಇದು ಹಳೆಯ ಪದ್ಧತಿ. ಬೀಜ ಒಯ್ದವನು ಹೊಸ ಬೆಳೆಯ ಬೀಜವನ್ನು ಕೊಟ್ಟವರ ಗಡಿಗೆಗೆ ಮರಳಿ ಹಾಕಬೇಕು. ನನಗೆ ನಗು ಬಂತು.

‘ಮಂದಿ ಬಸರಾದಿಂದ ಮುತ್ತು ತರ್ತಾರಕ್ಕಾ. ನಾ ಜ್ವಾಳ ಹೊತಗೊಂಡು ಬರ್ಲೇನು?’

‘ಮುತ್ತು ಬಿತ್ತಾಕ ಬರೂದಿಲ್ಲೋ,’ ಎಂದಳು ಅಕ್ಕ.

ಹಳೆಯ ಸೀರೆಯ ಚೀಲ, ಒಳಗೆ ಇರುವೆ ಬಣ್ಣದ ಕಾಳು. ಇದನ್ನು ಪರದೇಶದ ದೊಡ್ಡ ಮನುಷ್ಯನ ಮುಂದೆ ಹೇಗೆ ಬಿಚ್ಚಲಿ ಎಂದು ನನಗೆ ಚಿಂತೆ ಹತ್ತಿತು. ಪರರ ಮನೆಗೆ ಹೋಗುವಾಗ ಹರಕು ಅಂಗಿ ತೊಟ್ಟು ಹೋಗುತ್ತಾರೆಯೇ? ಹೊಸ ಖಾದಿಯ ಚೀಲ ಹೊಲಿಸಿ ಅದರಲ್ಲಿ ನನ್ನ ಬಿಳಿಜೋಳವನ್ನೂ ತುಂಬಿಸಿಕೊಂಡೆ. ಮೊದಲು ಇದನ್ನು ತೋರಿಸಿ ಆಮೇಲೆ ಅದನ್ನು ಕೊಟ್ಟರಾಯಿತು ಎಂದುಕೊಂಡೆ. ಶಿವರಾತ್ರಿ ಮುಗಿದ ಮೂರನೆಯ ದಿನ ಎರಡೂ ಚೀಲ, ರಸೂಲನಿಗೆಂದು ಒಂದು ಬುಟ್ಟಿ ಸವಣೂರು ಎಲೆ, ಕಾಲು ಕಚ್ಚುವ ಹೊಸ ಬೂಟು ಸಹಿತ ರೈಲು ಹತ್ತಿದೆ.

ಮುಂಬಯಿ

ಸಮುದ್ರ ನೋಡಿದೆ. ಬೆರಳು ಅದ್ದಿ ನೆಕ್ಕಿದೆ. ಹಾನಗಲ್ಲಿನ ಕೆರೆ ನೋಡಿ ಇದಕ್ಕಿಂತ ದೊಡ್ಡ ನೀರು ಇಲ್ಲ ಎಂದುಕೊಂಡು ಬೆಳೆದವನು ನಾನು. ಇಷ್ಟು ನೀರಿದ್ದೂ ಒಂದು ಬೊಗಸೆ ಕುಡಿಯಲಿಕ್ಕೆ ಬಾರದಲ್ಲ ಎಂದು ಬೇಸರವಾಯಿತು.

ಹಡಗು ಹತ್ತುವ ಮೊದಲು ಡಾಕ್ಟರ ತಪಾಸಣೆ. ಬಾಯಿ ತೆರೆ ಎಂದ. ತೆರೆದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದ. ಗಂಟಲಿನಿಂದ ರಕ್ತ ಕಾರುವ ರೋಗಿ ಎಂದುಕೊಂಡನಂತೆ. ಸವಣೂರು ಎಲೆಯ ಕೆಂಪು ಅದು ಎಂದು ತಿಳಿಸಿ ಹೇಳಲಿಕ್ಕೆ ನಾನು ಮೂರು ತಂಬಿಗೆ ನೀರು ಮುಕ್ಕಳಿಸಬೇಕಾಯಿತು. ಹಿಂದಿನವರೆಲ್ಲ ನಕ್ಕರು.

ಮುಂದಿನ ಮೇಜಿನಲ್ಲಿ ಕೂತವನು ಚೀಲಗಳಲ್ಲಿ ಏನಿದೆ ಎಂದು ಮರಾಠಿಯಲ್ಲಿ ಕೇಳಿದ. ಬೀಜ ಎಂದರೆ ಬೇರೆ ತಪಾಸಣೆಗೆ ಹೋಗಬೇಕು, ಹಡಗು ತಪ್ಪುತ್ತದೆ ಎಂದು ಪಕ್ಕದವನೊಬ್ಬ ಕಿವಿಯಲ್ಲಿ ಹೇಳಿದ. ‘ಖಾಯ್ಲಾ, ಸಾಹೇಬ, ಖಾಯ್ಲಾ,’ ಎಂದೆ. ತಿನ್ನಲಿಕ್ಕೆ ಎಂದು. ಅವನು ಎರಡೂ ಚೀಲಕ್ಕೆ ಸೀಮೆಸುಣ್ಣದ ಗುರುತು ಹಾಕಿ ಕಳಿಸಿದ. ಒಂದು ಸುಳ್ಳು ಹೇಳಿದ್ದಕ್ಕೆ ನನಗೇನೂ ಅನಿಸಲಿಲ್ಲ.

ಹಡಗಿನಲ್ಲಿ

ಮೇಲಿನ ತೆರೆದ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತವರು ನಾವು. ಅಡುಗೆ ಅವರವರದೇ. ನಾನು ಕಟ್ಟಿಸಿಕೊಂಡು ಬಂದ ಬುತ್ತಿ ಮೂರು ದಿನಕ್ಕೆ ಬೂಸುರು ಹಿಡಿಯಿತು. ಅದು ಇದ್ದರೂ ಉಪಯೋಗವಿರಲಿಲ್ಲ, ಒಳಗೆ ಹೋದದ್ದೆಲ್ಲ ಹೊರಗೆ ಬರುತ್ತಿತ್ತು. ನಾಲ್ಕು ದಿನ ತಲೆ ಎತ್ತಲಿಲ್ಲ. ಕಾಲು ಕಚ್ಚುತ್ತಿದ್ದ ಬೂಟನ್ನೇ ತಲೆಗೆ ಇಟ್ಟುಕೊಂಡು ಮಲಗಿದ್ದೆ.

ಪಕ್ಕದ ಚಾಪೆಯಲ್ಲಿ ಕಚ್ಛದ ಜೀವಿಬೆನ್ ಎಂಬ ಅಜ್ಜಿ, ಅವಳ ಗಂಡ. ಬಸರಾದಲ್ಲಿ ಅಂಗಡಿ ಇಟ್ಟ ಅಳಿಯನ ಮನೆಗೆ ಹೊರಟಿದ್ದರು. ಮಗಳಿಗೆಂದು ಒಂದು ಬೀಸುಕಲ್ಲು ತಂದಿದ್ದಳು. ಸಮುದ್ರದ ಮೇಲೆ ಬೀಸುಕಲ್ಲು ಸಾಗಿಸುವ ಇನ್ನೊಬ್ಬ ತಾಯಿಯನ್ನು ನಾನು ಕಂಡಿಲ್ಲ. ಒಂದು ತೆರೆ ಒಳಗೆ ನುಗ್ಗಿ ಅವರ ಸಜ್ಜೆಯ ಹಿಟ್ಟೆಲ್ಲ ಉಪ್ಪುನೀರಿನಲ್ಲಿ ಕಲಸಿಹೋಯಿತು. ಐದನೆಯ ದಿನ ಸಮುದ್ರ ಶಾಂತವಾಯಿತು. ನನ್ನ ಹೊಟ್ಟೆ ಎದ್ದು ಕೂತಿತು. ಎಂಥ ಹಸಿವು! ಹಡಗಿನ ಅಂಗಡಿಯವನು ಕೊಟ್ಟ ಬಿಸ್ಕೀಟು ಹಲ್ಲಿಗೆ ಅಂಟಿತು. ನನಗೆ ರೊಟ್ಟಿ ಬೇಕಾಗಿತ್ತು, ಬಿಸಿ ರೊಟ್ಟಿ.

ಕಣ್ಣು ಎದುರಿನ ಬೀಸುಕಲ್ಲಿನ ಮೇಲೆ ಹೋಯಿತು. ಆಮೇಲೆ ಚೀಲಗಳ ಮೇಲೆ.

ಯಾವ ಚೀಲ ಬಿಚ್ಚಬೇಕೆಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಚಂದದ್ದು ತೋರಿಸಲಿಕ್ಕೆ, ಕುರೂಪಿ ತಿನ್ನಲಿಕ್ಕೆ. ಮನೆಯಲ್ಲಿಯೂ ಹಾಗೆಯೇ ಅಲ್ಲವೇ? ಒಂದು ಸೇರು ತೆಗೆದರೆ ಏನಾಯಿತು ಎಂದುಕೊಂಡು ಅಕ್ಕನ ಚೀಲಕ್ಕೆ ಕೈ ಹಾಕಿದೆ. ಜೀವಿಬೆನ್ ಬೀಸಿದಳು. ಜನ್ಮದಲ್ಲಿ ರೊಟ್ಟಿ ಬಡಿಯದ ನಾನು ಇದ್ದಲಿಯ ಶೇಗಡಿಯ ಮುಂದೆ ಕೂತು ಬಡಿದೆ. ಮೊದಲನೆಯದು ಹರಿದು ಕೆಂಡಕ್ಕೆ ಬಿತ್ತು. ಎರಡನೆಯದು ಮುಂಬಯಿ ಇಲಾಖೆಯ ನಕಾಶೆಯಂತೆ ಬಂತು. ಮೂರನೆಯದು ಉಬ್ಬಿತು. ಉಳ್ಳಾಗಡ್ಡಿ ಗುದ್ದಿ ಅದರ ಜೊತೆ ತಿಂದಾಗ ಕಣ್ಣಲ್ಲಿ ನೀರು ಬಂತು.

ವಾಸನೆಗೆ ಸುತ್ತಲಿನವರು ಸೇರಿದರು. ಮುರಿದು ಕೊಟ್ಟೆ. ಎಲ್ಲರೂ ಹೊಗಳಿದರು. ಹೊಗಳಿಸಿಕೊಂಡರೆ ನಾನು ಉಟ್ಟ ಧೋತರವನ್ನೂ ಬಿಚ್ಚಿ ಕೊಡುವವನು. ಮರುದಿನ ಮತ್ತೆರಡು ಸೇರು. ಅದರ ಮರುದಿನ ಇನ್ನಷ್ಟು. ಮಸ್ಕತ್ತು ದಾಟಿದ ಮೇಲೆ ಒಂದು ದಿನ ಕೈ ಹಾಕಿದರೆ ಬೆರಳಿಗೆ ಬಟ್ಟೆ ತಗುಲಿತು.

ಬಿತ್ತಲಿಕ್ಕೆ ಒಂದು ಹಿಡಿಯಾದರೂ ಉಳಿದೀತೇ ಎಂದು ಚೀಲದ ಮೂಲೆಗಳನ್ನೆಲ್ಲ ತಡವಿದೆ. ಆದರೆ ಮನುಷ್ಯನ ಬಾಯಿಗಿಂತ ಮನಸ್ಸೇ ದೊಡ್ಡ ಸುಳ್ಳುಗಾರ. ಜೋಳ ಎಂದರೆ ಜೋಳ, ಎಲ್ಲ ನಮ್ಮ ಹೊಲದ್ದೇ, ಬಿಳಿಜೋಳಕ್ಕೆ ಏನು ಕಡಿಮೆ ಎಂದು ಸಮಾಧಾನ ಹೇಳಿಕೊಂಡೆ. ಹನ್ನೆರಡು ವರ್ಷ ಅಕ್ಕ ಆರಿಸಿದ್ದು ಏನೆಂಬುದು ಒಕ್ಕಲಿಗನ ಮಗನಾದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬರಿದಾದ ಸೀರೆಯ ಚೀಲದಲ್ಲಿ ಬೂಟು ಸುತ್ತಿಟ್ಟೆ.

ಬಸರಾ

ರಸೂಲ ದಕ್ಕೆಯಲ್ಲಿ ನಿಂತಿದ್ದ. ‘ಬಂದ್ಯೇನೋ ಚನ್ನಪ್ಪಾ!’ ಎಂದು ಅಪ್ಪಿಕೊಂಡು, ಅಲ್ಲಿಯವರಂತೆ ಎರಡೂ ಗಲ್ಲಕ್ಕೆ ಮುತ್ತಿಟ್ಟ. ಬಹಿರಂಗದಲ್ಲಿ ಗಂಡಸಿನಿಂದ ಮುತ್ತಿಡಿಸಿಕೊಂಡು ನಾನು ಮರದಂತೆ ನಿಂತೆ. ಮನೆಗೆ ಹೋದ ಕೂಡಲೇ ಎಲೆ ಕೇಳಿದ. ಬುಟ್ಟಿ ಬಿಚ್ಚಿದೆ. ಎಲ್ಲ ಕಪ್ಪಗೆ ಕೊಳೆತಿದ್ದವು. ರಸೂಲ ಒಂದು ಎಲೆಯನ್ನು ಮೂಗಿಗೆ ಹಿಡಿದು ಉಸಿರೆಳೆದುಕೊಂಡ. ಆಮೇಲೆ ಕೊಳೆಯದ ಅಂಚನ್ನು ಹರಿದು ಬಾಯಿಗೆ ಹಾಕಿಕೊಂಡ.

‘ಗಂಗಕ್ಕನ ಜ್ವಾಳ?’

ಖಾದಿಯ ಚೀಲ ಮುಂದಿಟ್ಟೆ. ಅವನು ಹುಬ್ಬು ಗಂಟಿಕ್ಕಿದ.

‘ಬೆಳ್ಳಗೈತೆಲ್ಲೋ? ಕೆಂಪ ಇರ್ತಿತ್ತಲ್ಲ?’

‘ಈಗೀಗ ಹಿಂಗ ಬರಾಕತ್ತೈತಿ. ಅಕ್ಕ ಆರಿಸಿ ಆರಿಸಿ ಬೆಳ್ಳಗ ಮಾಡ್ಯಾಳ,’ ಎಂದೆ.

ರಸೂಲ ನಂಬಿದ. ಅಕ್ಕನ ಕೈಯಲ್ಲಿ ಏನೂ ಆದೀತು ಎಂಬ ಭಕ್ತಿ ಅವನಿಗೆ. ಅವನು ಆಚೆ ಹೋದಾಗ ನಾನು ಮನೆಯ ಹಿಂದಿನ ಕಾಲುವೆಯ ಬದಿಗೆ ಹೋಗಿ, ಸೀರೆಯ ಚೀಲವನ್ನು ಗೋಡೆಗೆ ಬಡಿದು ಝಾಡಿಸಿ, ಮಡಿಚಿ ಟ್ರಂಕಿನ ತಳಕ್ಕೆ ಹಾಕಿದೆ.

ಆ ಊರಿನಲ್ಲಿ ನದಿ ದಿನಕ್ಕೆ ಎರಡು ಸಲ ಹಿಂದಕ್ಕೆ ಹರಿಯುತ್ತದೆ. ಸಮುದ್ರ ಉಬ್ಬಿದಾಗ ನದಿಯ ಸಿಹಿನೀರು ತಾನಾಗಿ ಕಾಲುವೆಗೆ ಏರಿ ಖರ್ಜೂರದ ಬುಡಕ್ಕೆ ಬರುತ್ತದೆ. ಎತ್ತಿಲ್ಲ, ಬಾವಿಯಿಂದ ನೀರೆತ್ತುವ ಕಪಲಿಯಿಲ್ಲ. ಇದನ್ನು ನೋಡಿ ನಮ್ಮೂರಿನ ಎತ್ತುಗಳ ಬಗ್ಗೆ ನನಗೆ ಕನಿಕರ ಬಂತು. ಚಹಾಕ್ಕೆ ಹಾಲು ಹಾಕುವುದಿಲ್ಲ, ಬೆರಳುದ್ದದ ಗಾಜಿನಲ್ಲಿ ಕುಡಿಯುತ್ತಾರೆ. ಗಾಜನ್ನು ಅಡ್ಡ ಮಲಗಿಸದಿದ್ದರೆ ಮತ್ತೆ ಮತ್ತೆ ತುಂಬುತ್ತಾರೆ. ಇದು ತಿಳಿಯದೆ ಮೊದಲ ದಿನ ನಾನು ಹನ್ನೊಂದು ಗಾಜು ಕುಡಿದೆ.

ಹಾಜಿ ಜಬ್ಬಾರ್ ಎತ್ತರದ ಮನುಷ್ಯ, ಮಾತು ಕಡಿಮೆ. ರಸೂಲ ಖರ್ಜೂರ ಕೊಳ್ಳುತ್ತಿದ್ದುದು ಅವರ ತೋಟದಿಂದಲೇ. ಅವರು ಬಿಳಿಜೋಳವನ್ನು ಅಂಗೈಯಲ್ಲಿ ಹರಡಿಕೊಂಡು ಏನೋ ಹೇಳಿದರು.

‘ಮುತ್ತಿನಂಗ ಐತಿ ಅಂತಾರ,’ ಎಂದ ರಸೂಲ.

ನಾನು ಉಬ್ಬಿದೆ. ಅಂದು ಒಂದೇ ಹರಿವಾಣದಲ್ಲಿ ಎಲ್ಲರೂ ಕೈ ಹಾಕಿ ಉಂಡೆವು. ನನಗೆಂದು ಅನ್ನ ಬೇಳೆ ಬೇರೆ ಮಾಡಿಸಿ ಅದೇ ಹರಿವಾಣದ ಒಂದು ಬದಿಗೆ ಬಡಿಸಿದ್ದರು. ಮಡಿ ಮೈಲಿಗೆಯ ನಮ್ಮೂರಿನಲ್ಲಿ ಯಾರಾದರೂ ನೋಡಿದ್ದರೆ ನನ್ನ ಗತಿ ನೆಟ್ಟಗಿರುತ್ತಿರಲಿಲ್ಲ. ಉಂಡಾದ ಮೇಲೆ ಹಾಜಿ ಹೇಳಿದರು: ಇನ್ನು ನಮ್ಮ ನಿಮ್ಮ ನಡುವೆ ರೊಟ್ಟಿ ಉಪ್ಪಿನ ನಂಟು. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಲ್ಲಿಯೂ ಅನ್ನುತ್ತಾರೆ ಎಂದು ನಾನೇ ದೊಡ್ಡದಾಗಿ ಹೇಳಿ ರಸೂಲನಿಂದ ಅರಬ್ಬಿಯಲ್ಲಿ ಹೇಳಿಸಿದೆ.

ತೋಟದ ಆಚೆ

ಖರ್ಜೂರದ ಸಾಲು ಮುಗಿದ ಕಡೆ ನಮ್ಮ ಹಳ್ಳದ ದಂಡೆಯೇ ಎದುರು ಬಂದಂತಾಯಿತು. ಅದೇ ಬಿಳುಪು, ಕಾಲಿಟ್ಟರೆ ಅದೇ ಚರಚರ ಸದ್ದು. ಬಿತ್ತಿದೆವು. ಕಾಲುವೆಯ ನೀರು ಬಿಟ್ಟೆವು. ಆರನೆಯ ದಿನ ಹಸಿರು ಕಂಡಾಗ ರಸೂಲ ಕುಣಿದ.

ನಾಲ್ಕು ಎಲೆ ಬರುವವರೆಗೆ ಚೆನ್ನಾಗಿತ್ತು. ಆಮೇಲೆ ಎಲೆಯ ತುದಿ ಬೆಳ್ಳಗಾಯಿತು. ಅಂಚು ಸುಟ್ಟ ಹಪ್ಪಳದಂತೆ ಮುರುಟಿತು. ತಿಂಗಳೊಳಗೆ ಅರ್ಧ ಹೊಲ ಮಲಗಿತು. ನೀರು ಹೆಚ್ಚಾಯಿತು ಎಂದೆ. ಉಳಿದ ಬೀಜವನ್ನು ಮತ್ತೆ ಬಿತ್ತಿಸಿದೆ. ಅದೂ ಮಲಗಿತು.

ಯಾರಾದರೂ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆ ಜನ ಅತಿಥಿಯನ್ನು ಬೈಯುವುದಿಲ್ಲ. ಹೊಲ ಒಣಗಿದಷ್ಟೂ ನನಗೆ ಬಡಿಸುವ ಊಟ ಹೆಚ್ಚಾಯಿತು. ಕೆನೆ, ಜೇನು, ಬಾದಾಮಿ ಹಾಕಿದ ಅನ್ನ. ಹಾಜಿ ತಮ್ಮ ಕೈಯಿಂದಲೇ ಒಳ್ಳೆಯ ತುತ್ತುಗಳನ್ನು ನನ್ನ ಕಡೆ ಸರಿಸುತ್ತಿದ್ದರು. ಮೇವಿಲ್ಲದೆ ಅವರು ಎರಡು ಎಮ್ಮೆಗಳನ್ನು ಮಾರಿದ ಸುದ್ದಿ ನನಗೆ ಬೇರೆಯವರಿಂದ ತಿಳಿಯಿತು. ಆದರೂ ಉಣ್ಣುತ್ತಿದ್ದೆ.

ಒಂದು ಮುಂಜಾನೆ ರಸೂಲ ಹೊಲದಲ್ಲಿ ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡ.

‘ನಿಮ್ಮ ಹಳ್ಳದ ದಂಡಿದೂ ಹಿಂಗ ಇತ್ತಲ್ಲೋ. ನಾ ನೆಕ್ಕಿ ನೋಡೇನಿ, ಸಣ್ಣಾಂವಿದ್ದಾಗ. ಖರೇ ಹೇಳು, ಇದು ಅಕ್ಕನ ಬೀಜಾ ಹೌದೋ ಅಲ್ಲೋ?’

‘ಹೌದಪಾ. ಇಲ್ಲೀ ನೆಲದ ದೋಷ.’

ಅವನು ಮತ್ತೆ ಕೇಳಲಿಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ಅವನು ನನ್ನ ಮುಖ ನೋಡದೆ ಮನೆಯವರೆಗೆ ನಡೆದದ್ದು ಅದೊಂದೇ ಸಲ.

ಅದೇ ವಾರ ನಾನು ರಸೂಲನ ಮನೆಯ ಹಿಂದಿನ ಕಾಲುವೆಯ ಬದಿಗೆ ಹೋದೆ. ಯಾರೂ ಹಾಯದ ಗೋಡೆಯ ಮೂಲೆಯಲ್ಲಿ, ಉಪ್ಪು ಬೆಳ್ಳಗೆ ಕಟ್ಟಿದ ಕಡೆ, ಒಂದು ಜೋಳದ ಗಿಡ ನಿಂತಿತ್ತು. ಎದೆಯ ಎತ್ತರ, ಕಡು ಹಸಿರು. ಎಲೆಯ ತುದಿಯಲ್ಲಿ ಒಂದು ಕಲೆಯಿಲ್ಲ. ಹೊಡೆ ಬಿರಿದು ಕಪ್ಪು ತೆನೆಯ ತುದಿ ಇಣುಕುತ್ತಿತ್ತು. ಸೀರೆಯ ಚೀಲ ಝಾಡಿಸಿದ ಜಾಗ ಅದು. ಹೊಲಿಗೆಯ ಸಂದಿಯಲ್ಲಿ ಒಂದು ಕಾಳು ಉಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಅದರ ಮುಂದೆ ಕೈ ಮುಗಿಯುತ್ತಿದ್ದರು. ನನಗೆ ಬಂದ ಯೋಚನೆ ಒಂದೇ: ರಸೂಲ ನೋಡಿದರೆ ಗುರುತು ಹಿಡಿಯುತ್ತಾನೆ. ತೆನೆ ಪೂರ್ತಿ ಹೊರಗೆ ಬಂದರೆ ಎಲ್ಲ ಹೊರಗೆ ಬರುತ್ತದೆ. ಆಚೆ ದಂಡೆಯ ತೋಟದಿಂದ ಬಂದ ಹಾಜಿಯವರ ಎಮ್ಮೆ ಕಾಲುವೆಯ ನೀರಿನಿಂದ ಈಚೆ ದಂಡೆಗೆ ಎದ್ದು ಬರುತ್ತಿತ್ತು. ನಾನು ಸುತ್ತ ನೋಡಿದೆ. ಗಿಡವನ್ನು ಬೇರು ಸಹಿತ ಕಿತ್ತು ಅದರ ಮುಂದೆ ಎಸೆದೆ. ಎಮ್ಮೆ ಬುಡದವರೆಗೆ ಮೇದು, ತಲೆ ಎತ್ತಿ, ಇನ್ನೊಂದು ಕೊಡು ಎಂಬಂತೆ ನನ್ನ ಮುಖ ನೋಡಿತು.

ಹೊರಡುವ ದಿನ ಹಾಜಿ ಒಂದು ಚೀಲ ಖರ್ಜೂರ ಕೊಟ್ಟು, ನನ್ನ ಕೈ ಹಿಡಿದುಕೊಂಡು ಏನೋ ಹೇಳಿದರು. ರಸೂಲ ನೆಲ ನೋಡುತ್ತ ಅದನ್ನು ಕನ್ನಡಕ್ಕೆ ತಂದ.

‘ಬೀಜಾ ಕೊಟ್ಟ ಅಕ್ಕಾರಿಗೆ ಹೇಳ್ರಿ ಅಂತಾರ. ಬೀಜಾ ಚಲೋ ಇತ್ತು. ತಪ್ಪು ನಮ್ಮ ನೆಲದ್ದು, ಮಾಫ್ ಮಾಡ್ರಿ ಅಂತಾರ.’

ತಿರುಗಿ ಯಲವಿಗಿ

ಕಾರಹುಣ್ಣಿಮೆಯ ಹಿಂದಿನ ದಿನ ಊರು ಮುಟ್ಟಿದೆ. ಒಂದು ಮಳೆ ಆಗಿತ್ತು. ಜನ ಕೂಡಿದರು, ಖರ್ಜೂರ ಹಂಚಿದೆ, ನದಿ ಹಿಂದಕ್ಕೆ ಹರಿಯುವ ಕಥೆ ಹೇಳಿದೆ. ಎಲ್ಲರೂ ಹೋದ ಮೇಲೆ ಅಕ್ಕ ಒಳಗಿನಿಂದ ತನ್ನ ಬೀಜದ ಗಡಿಗೆ ತಂದು ನನ್ನ ಮುಂದೆ ಇಟ್ಟಳು. ತೊಳೆದು, ಬೂದಿ ಹಚ್ಚಿ ಒಣಗಿಸಿದ್ದಳು. ತಳದಲ್ಲಿ ಹೊಸ ಬೇವಿನ ಎಲೆ ಹಾಸಿದ್ದಳು.

‘ಹಾಕು ತಮ್ಮಾ. ಹದಾ ಆಗೇತಿ, ನಾಳಿದ್ದ ಬಿತ್ತತೇನಿ.’

‘ನಿನ್ನ ಕಡೆ ಇಲ್ಲೇನಕ್ಕಾ?’

‘ನನ್ನ ಕಡೆ ಎಲ್ಲೀದೋ? ಹ್ವಾದ ವರ್ಷ ಗಿಣಿ ತಿಂದು ಉಳದದ್ದ ಅಷ್ಟು. ರಸೂಲ ಕೇಳ್ಯಾನ ಅಂತ ಎಲ್ಲಾ ನಿನಗ ಕೊಟ್ನೆಲ್ಲ.’

ನನ್ನ ಕಿವಿಯಲ್ಲಿ ರೈಲು ಓಡಿದಂತಾಯಿತು. ಬಾಯಿಗೆ ಹಳೆಯ ಸುಳ್ಳೇ ಬಂತು.

‘ಅಲ್ಲಿ ಬರ್ಲಿಲ್ಲಕ್ಕಾ. ಸುಟ್ಟುಹೋತು.’

ಅಕ್ಕ ಗಡಿಗೆಯ ಒಳಗೆ ನೋಡಿದಳು. ‘ಹಂಗಾದ್ರ ನನ್ನ ಬೀಜದಾಗ ಸತ್ವ ಇರ್ಲಿಲ್ಲ. ರಸೂಲನ ಮಾತು ನಾ ಕಳದ್ನೆಲ್ಲೋ, ಆ ಊರಾಗ ಅವನ ಮಾರಿ ಸಣ್ಣದಾತು,’ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಇದನ್ನು ಮಾತ್ರ ನನಗೆ ತಡೆಯಲಾಗಲಿಲ್ಲ.

‘ಬೀಜದಾಗ ತಪ್ಪಿಲ್ಲಕ್ಕಾ. ನಾ ತಿಂದ್ನಿ. ಹಡಗದಾಗ ರೊಟ್ಟಿ ಮಾಡಕೊಂಡು ಎಲ್ಲಾ ತಿಂದ್ನಿ. ಅಲ್ಲಿ ಬಿತ್ತಿದ್ದು ನನ್ನ ಬಿಳೀಜ್ವಾಳ.’

ಅಕ್ಕ ಗಡಿಗೆಯ ಬಾಯಿ ಮುಚ್ಚಿ ಬದಿಗೆ ಸರಿಸಿದಳು. ಆಮೇಲೆ ಕೇಳಿದಳು: ‘ಭಾಳ ಹಸದಿತ್ತೇನು?’

‘ಹೂಂ.’

‘ಹಸದು ತಿಂದದ್ದು ತಪ್ಪಲ್ಲ, ಬಿಡು. ರಸೂಲಗ ಖರೇ ಬರದು ಹಾಕು.’

ಬರೆದೆ. ತಿಂದದ್ದನ್ನು ಬರೆದೆ. ಗಿಡದ ಮಾತನ್ನು ಅವನಿಗೂ ಬರೆಯಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

ಆ ಮುಂಗಾರಿನಲ್ಲಿ, ಮತ್ತೆ ಮುಂದಿನ ಮುಂಗಾರಿನಲ್ಲಿಯೂ, ಅಕ್ಕ ನನ್ನನ್ನು ಕರೆದುಕೊಂಡು ಹಳ್ಳದ ದಂಡೆಗೆ ಹೋಗುತ್ತಿದ್ದಳು. ಹಿಂದೆಂದೋ ಉದುರಿದ ಕಾಳು ಎಲ್ಲಿಯಾದರೂ ತಾನಾಗಿ ಹುಟ್ಟಿದೆಯೇ ಎಂದು ಬದುವಿನ ಹುಲ್ಲನ್ನೆಲ್ಲ ಕೈಯಿಂದ ಸರಿಸಿ ಸರಿಸಿ ನೋಡುತ್ತಿದ್ದಳು. ಬೆನ್ನು ಬಾಗಿಸಿಯೇ ಹೇಳುತ್ತಿದ್ದಳು:

‘ಒಂದ ಗಿಡಾ ಸಿಕ್ರ ಸಾಕಿತ್ತೋ ತಮ್ಮಾ. ಭಾಳೇನ ಬ್ಯಾಡ. ಒಂದ ಒಂದು ತೆನಿ.’

ನಾನು ಅವಳ ಹಿಂದೆಯೇ, ಹುಲ್ಲು ಸರಿಸುತ್ತ, ಹುಡುಕುವವನಂತೆ ನಡೆಯುತ್ತಿದ್ದೆ.